ಮುಖ ಮಸುಕು, ಊರು ಸ್ಪಷ್ಟ

ಕೋಲಾರ ಜಿಲ್ಲೆಯ ಬಂಗಾರಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದುಕೊಳ್ಳಿ. ಸಂಜೆ ಟಿವಿಯಲ್ಲಿ ಸುದ್ದಿ ಬರುತ್ತದೆ. ಹುಡುಗಿಯ ಮುಖ ಬ್ಲರ್ ಮಾಡಿದ್ದಾರೆ, ಹೆಸರು ಹೇಳಿಲ್ಲ. ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಸುದ್ದಿ ಶುರುವಾಗುವುದೇ ಊರ ಹೆಸರಿನ ಬೋರ್ಡಿನಿಂದ. ಆಮೇಲೆ ಬೀದಿ, ಹಸಿರು ಬಾಗಿಲಿನ ಮನೆ, ಅಂಗಳದಲ್ಲಿ ಕಟ್ಟಿದ ಹಸು, ಸೆರಗಿನಲ್ಲಿ ಮುಖ ಮುಚ್ಚಿಕೊಂಡ ತಾಯಿ. ಜೊತೆಗೆ ಒಂಬತ್ತನೇ ಕ್ಲಾಸು, ಅಪ್ಪ ಗಾರೆ ಕೆಲಸದವನು ಎಂಬ ವಿವರ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಆ ಹುಡುಗಿ ಯಾರೋ. ಮುನ್ನೂರು ಮನೆಯ ಊರಿನಲ್ಲಿ, ಪಕ್ಕದ ಹತ್ತು ಹಳ್ಳಿಗಳಲ್ಲಿ, ಅವಳು ಓದುವ ಶಾಲೆಯಲ್ಲಿ ಅವಳು ಯಾರೆಂದು ಗೊತ್ತಿಲ್ಲದವರು ಇರುವುದಿಲ್ಲ.

ಕ್ರೈಮ್ ಸುದ್ದಿಯ ಮಾತು ಬಂದಾಗ ನಾವು ಮೊದಲು ಬೈಯುವುದು ಸ್ಟುಡಿಯೋದಲ್ಲಿ ಕಿರುಚುವ ಆ್ಯಂಕರ್‌ಗೆ. ಆ ಕಿರುಚಾಟ ಕಿರಿಕಿರಿಯೇ, ಒಪ್ಪೋಣ. ಆದರೆ ಕೋಲಾರದಂಥ ಜಿಲ್ಲೆಯಲ್ಲಿ ಪೆಟ್ಟು ಬೀಳುವುದು ಬೇರೆ ಕಡೆ. ಇಲ್ಲಿ ಸುದ್ದಿಯಲ್ಲಿ ಇರುವವರೂ ಸುದ್ದಿ ನೋಡುವವರೂ ಒಂದೇ ಸಂತೆಗೆ ಹೋಗುವ ಜನ, ಒಂದೇ ಬಸ್ಸು ಹತ್ತುವ ಜನ. ಬ್ಲರ್ ಮಾಡುವ ಪದ್ಧತಿ ಹುಟ್ಟಿದ್ದು ಅಪರಿಚಿತರಿಂದ ಗುರುತು ಮುಚ್ಚಿಡುವುದಕ್ಕೆ. ಪರಿಚಿತರ ಮುಂದೆ ಅದು ಕೆಲಸಕ್ಕೆ ಬರುವುದಿಲ್ಲ.

ಕಾನೂನು ಬರೆದವರಿಗೆ ಇದು ಗೊತ್ತಿತ್ತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು ಬಂದ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಇರುವುದೇ ಮಾಧ್ಯಮಗಳಿಗಾಗಿ. ಮಗುವಿನ ಹೆಸರು, ಫೋಟೊ ಬೇಡ ಎಂದಷ್ಟೇ ಹೇಳಿ ಅದು ಸುಮ್ಮನಾಗುವುದಿಲ್ಲ. ವಿಳಾಸ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವಂಥ ಇನ್ಯಾವ ಮಾಹಿತಿಯೂ ಬರಬಾರದು ಎನ್ನುತ್ತದೆ. ಮಗುವಿನ ಹಿತಕ್ಕೆ ಬೇಕೆನಿಸಿದರೆ ವಿಶೇಷ ನ್ಯಾಯಾಲಯ ಮಾತ್ರ ಅನುಮತಿ ಕೊಡಬಹುದು. ತಪ್ಪಿದರೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವರದಿಗಾರನ ತಪ್ಪಿಗೆ ಮಾಲೀಕರೂ ಹೊಣೆ. ದೊಡ್ಡವರ ವಿಷಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ, ಹಳೆಯ ಐಪಿಸಿಯಲ್ಲಿ 228ಎ ಅಂತ ಇದ್ದದ್ದು. ಆರೋಪಿಯೇ ಅಪ್ರಾಪ್ತನಾದರೆ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಗಿ ಮಾಡಿತು. ದೂರದಿಂದಲಾದರೂ ಗುರುತು ಹತ್ತುವಂಥ ಯಾವ ಸಂಗತಿಯನ್ನೂ ಹೇಳಬಾರದು, ಸಂತ್ರಸ್ತೆ ತೀರಿಕೊಂಡಿದ್ದರೂ ಹೇಳಬಾರದು ಎಂದಿತು.

ಹಾಗಿದ್ದರೂ ಊರ ಬೋರ್ಡು ಯಾಕೆ ಬರುತ್ತದೆ? ನನಗನಿಸುವಂತೆ ಇದರಲ್ಲಿ ದುರುದ್ದೇಶಕ್ಕಿಂತ ಅಭ್ಯಾಸವೇ ಜಾಸ್ತಿ. ಊರ ಹೆಸರಿಲ್ಲದ ಸುದ್ದಿಯನ್ನು ಸುದ್ದಿ ತಿದ್ದುವ ಡೆಸ್ಕ್ ನಂಬುವುದಿಲ್ಲ. ವಿಷುವಲ್ಸ್ ಇಲ್ಲದೆ ಟಿವಿಯಲ್ಲಿ ಸುದ್ದಿಯೇ ಇಲ್ಲ. ಸ್ಥಳಕ್ಕೆ ಹೋದವನು ಏನನ್ನಾದರೂ ಚಿತ್ರೀಕರಿಸಿಕೊಂಡು ಬರಲೇಬೇಕು. ಕೊಲೆ, ಅಪಘಾತ, ಕಳ್ಳತನದಲ್ಲಿ ಊರ ಹೆಸರು ಬೇಕು, ಅದರಲ್ಲಿ ತಪ್ಪೇನಿಲ್ಲ. ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ತಾಲ್ಲೂಕಿನ ಹೆಸರು ಸಾಕು. ಮಕ್ಕಳ ವಿಷಯದಲ್ಲಂತೂ ಜಿಲ್ಲೆಯ ಹೆಸರೇ ಸಾಕು.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳನ್ನು ನೋಡಿದರೆ, ಪೋಕ್ಸೊ ಅಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ 10ರಲ್ಲಿ 9ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಮೊದಲೇ ಗೊತ್ತಿದ್ದವರು. ಅಪ್ಪ, ಮಾವ, ಪಕ್ಕದ ಮನೆಯವನು, ಮೇಷ್ಟ್ರು. 'ಮಲತಂದೆಯಿಂದಲೇ ಕೃತ್ಯ' ಎಂದು ಹೇಳಿ ಆರೋಪಿಯ ಹೆಸರು, ಫೋಟೊ, ಊರು ಮೂರನ್ನೂ ಹಾಕಿದರೆ ಹುಡುಗಿಯ ಮುಖ ಮುಚ್ಚಿ ಏನು ಬಂತು? ಆರೋಪಿಯನ್ನು ತೋರಿಸಿದರೆ ಸಂತ್ರಸ್ತೆಯನ್ನೂ ತೋರಿಸಿದ ಹಾಗೇ ಆಗುವ ಸಂದರ್ಭಗಳಿವು. ಆರೋಪಿಗೆ ನಾಚಿಕೆಯಾಗಲಿ ಎಂದು ಅವನ ಫೋಟೊ ಹಾಕುತ್ತಾರೆ. ಮರುದಿನ ಶಾಲೆಗೆ ಹೋಗಲಾಗದೆ ಮನೆಯಲ್ಲಿ ಕೂರುವವಳು ಹುಡುಗಿ.

ಇನ್ನು ಸುದ್ದಿ ಬರುವ ದಾರಿ ನೋಡೋಣ. ಬೆಂಗಳೂರಿನ ಚಾನೆಲ್‌ಗೆ ಜಿಲ್ಲೆಗೊಬ್ಬ ವರದಿಗಾರ, ಅವನ ಕೈಕೆಳಗೆ ತಾಲ್ಲೂಕಿನ ಸ್ಟ್ರಿಂಗರ್‌ಗಳು. ಅವರಿಗೆ ಸಂಬಳ ಅಂತ ಇರುವುದು ಕಡಿಮೆ, ಸುದ್ದಿಗಿಷ್ಟು ಎಂಬ ಲೆಕ್ಕವೇ ಹೆಚ್ಚು. ಅದರ ಕೆಳಗೆ ಊರಿನ ಕೇಬಲ್ ಚಾನೆಲ್. ಅದಕ್ಕೂ ಕೆಳಗೆ, ಒಂದು ಲೋಗೋ ಮಾಡಿಸಿ ಮೈಕಿಗೆ ಸಿಕ್ಕಿಸಿಕೊಂಡ ಯೂಟ್ಯೂಬ್ ಚಾನೆಲ್‌ಗಳು. ಇವರೆಲ್ಲರಿಗೂ ಸುಲಭವಾಗಿ, ಖರ್ಚಿಲ್ಲದೆ ಸಿಗುವ ಸುದ್ದಿ ಎಂದರೆ ಕ್ರೈಮ್. ಕೆರೆ ಒತ್ತುವರಿ ಬಗ್ಗೆ ವರದಿ ಮಾಡಲು ಕಂದಾಯ ಇಲಾಖೆಯ ದಾಖಲೆ ಬೇಕು, ಒಂದು ವಾರ ಬೇಕು, ಧೈರ್ಯವೂ ಬೇಕು. ಕೊಲೆಗೆ ಒಂದು ಫೋನ್ ಸಾಕು.

ಆ ಫೋನ್ ಬರುವುದು ಹೆಚ್ಚಾಗಿ ಠಾಣೆಯಿಂದ. ಕೋಲಾರ ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷವೂ ಇದೆ. ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆಯಾದರೂ ಪೊಲೀಸ್ ಲೆಕ್ಕದಲ್ಲಿ ಎರಡು. ಚಿನ್ನದ ಗಣಿಯ ಕಾಲದಿಂದ ಬಂದ ಕೆಜಿಎಫ್‌ಗೆ ಬೇರೆಯೇ ಎಸ್‌ಪಿ ಇದ್ದಾರೆ. ಹಾಗಾಗಿ ಪ್ರೆಸ್‌ಮೀಟ್‌ಗಳೂ ಎರಡು ಕಡೆ. ಮೇಜಿನ ಮೇಲೆ ವಶಪಡಿಸಿಕೊಂಡ ಒಡವೆ, ಮುಂದೆ ಸಾಲಾಗಿ ಬೈಕು, ಹಿಂದೆ ಮುಸುಕು ಹಾಕಿದ ನಾಲ್ಕು ಜನ. ಈ ದೃಶ್ಯ ನಾಡಿನ ಎಲ್ಲ ಜಿಲ್ಲೆಗಳಲ್ಲೂ ಒಂದೇ ಥರ. ಪ್ರೆಸ್ ನೋಟ್ ಗ್ರೂಪಿಗೆ ಬಿದ್ದ ಅರ್ಧ ಗಂಟೆಯಲ್ಲಿ ಎಲ್ಲ ಚಾನೆಲ್‌ಗಳಲ್ಲೂ ಅದೇ ವಾಕ್ಯ ಓಡುತ್ತಿರುತ್ತದೆ. ಆರೋಪಿಯ ಕಡೆಯವರನ್ನೋ ಅವನ ವಕೀಲರನ್ನೋ ಒಂದು ಮಾತು ಕೇಳಿದ ಸುದ್ದಿ ನೀವು ಕೊನೆಯ ಸಲ ನೋಡಿದ್ದು ಯಾವಾಗ?

'ತಪ್ಪೊಪ್ಪಿಕೊಂಡಿದ್ದಾನೆ' ಎಂಬ ಸಾಲು ಈ ಸುದ್ದಿಗಳಲ್ಲಿ ಇದ್ದೇ ಇರುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಬೀತುಪಡಿಸಲು ಬಳಸುವಂತಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲೂ ಹಾಗೇ ಇದೆ. ಅವನ ಮಾತಿನಿಂದ ಯಾವುದಾದರೂ ವಸ್ತು ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಅಂದರೆ ಕೋರ್ಟು ಕಿವಿಗೇ ಹಾಕಿಕೊಳ್ಳದ ಮಾತನ್ನು ನಾವು ಊಟ ಮಾಡುತ್ತಾ ಕೇಳಿ, ತೀರ್ಪು ಕೊಟ್ಟು, ಚಾನೆಲ್ ಬದಲಾಯಿಸಿರುತ್ತೇವೆ. ಆರೋಪಿಯ ಮುಖ ತೋರಿಸುವುದರಲ್ಲೂ ತೊಡಕಿದೆ. ಸಾಲಾಗಿ ನಿಲ್ಲಿಸಿದವರಲ್ಲಿ ಆರೋಪಿಯನ್ನು ಸಾಕ್ಷಿಯಿಂದ ಗುರುತು ಹಿಡಿಸುವ ಗುರುತು ಪತ್ತೆ ಪರೇಡ್ ನಡೆಯುವ ಮೊದಲೇ ಮುಖ ಟಿವಿಯಲ್ಲಿ ಬಂದುಬಿಟ್ಟರೆ 'ಸಾಕ್ಷಿ ಟಿವಿ ನೋಡಿ ಗುರುತು ಹಿಡಿದ' ಎಂದು ಆರೋಪಿಯ ವಕೀಲರು ವಾದಿಸುತ್ತಾರೆ. ವಾದ ಗೆಲ್ಲಲೂಬಹುದು. ನಿಜವಾದ ಕಳ್ಳ ತಪ್ಪಿಸಿಕೊಳ್ಳಲು ಟಿವಿಯೇ ದಾರಿ ಮಾಡಿಕೊಟ್ಟಂತೆ. ಪೊಲೀಸರು ಮಾಧ್ಯಮಕ್ಕೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬ ಬಗ್ಗೆ ಕೈಪಿಡಿ ಮಾಡಿ ಎಂದು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಇಲಾಖೆಗೆ ಹೇಳಿತು. ಹೇಳುವವರಿಗೇ ಕಡಿವಾಣ ಬೇಕು ಎಂಬುದನ್ನು ಕೋರ್ಟೂ ಕಂಡುಕೊಂಡಿತ್ತು.

ಒಂದೇ ಮೂಲವನ್ನು ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಕೋಲಾರದ್ದೇ ದೊಡ್ಡ ಉದಾಹರಣೆ ಇದೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರು ದಾಂಧಲೆ ಮಾಡಿದರು. ಗಾಜು ಒಡೆದರು, ವಾಹನ ಉರುಳಿಸಿದರು. ಅದು ಅಪರಾಧವೇ, ಸಂಶಯವಿಲ್ಲ. ಟಿವಿಗಳಿಗೆ ದೃಶ್ಯಗಳ ಹಬ್ಬ. ಒಡೆದ ಗಾಜಿನ ಅದೇ ತುಣುಕು ದಿನವಿಡೀ ಸುತ್ತಿತು. ಕಂಪನಿ ಕಡೆಯ ದೂರಿನಲ್ಲಿದ್ದ ನಷ್ಟ 437 ಕೋಟಿ ರೂಪಾಯಿ. ಆ ಅಂಕಿಯೇ ಪರದೆ ತುಂಬ. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಕೆಲವೇ ದಿನಗಳಲ್ಲಿ ಕಂಪನಿಯೇ ತೈವಾನ್‌ನಲ್ಲಿ ಕೊಟ್ಟ ಲೆಕ್ಕ ಬೇರೆ ಇತ್ತು. ರೂಪಾಯಿಯಲ್ಲಿ ಹೇಳುವುದಾದರೆ ಅಂದಾಜು 26ರಿಂದ 52 ಕೋಟಿ. ಡಿಸೆಂಬರ್ 19ರ ಹೊತ್ತಿಗೆ, ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ ಹೋಗಿಲ್ಲ ಎಂದು ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಆ್ಯಪಲ್ ಹೊಸ ಆರ್ಡರ್ ಕೊಡುವುದನ್ನು ತಡೆಹಿಡಿಯಿತು.

ಸಂಬಳದ ಸಮಸ್ಯೆ 12ನೇ ತಾರೀಕಿಗೆ ಹುಟ್ಟಿದ್ದಲ್ಲ. ಅಕ್ಟೋಬರ್, ನವೆಂಬರ್‌ನಿಂದಲೇ ಇತ್ತು. ನರಸಾಪುರದಿಂದ ಕೋಲಾರಕ್ಕೆ ಅರ್ಧ ಗಂಟೆ ದಾರಿ. ಗಾಜು ಒಡೆಯುವವರೆಗೆ ಅದು ಸುದ್ದಿ ಅನ್ನಿಸಿಕೊಳ್ಳಲಿಲ್ಲ. ಕ್ರೈಮ್ ಆಗಿ ಬಂದದ್ದರಿಂದ ಕ್ರೈಮ್ ಆಗಿಯೇ ಉಳಿಯಿತು. ದೃಶ್ಯ ಇರುವ ಸಂಗತಿ, ದೃಶ್ಯವಿಲ್ಲದ ಕಾರಣವನ್ನು ನುಂಗಿಹಾಕುತ್ತದೆ.

ಇನ್ನೂ ಹಿಂದಿನದು, ಇನ್ನೂ ನೋವಿನದು ಡಿ.ಕೆ. ರವಿ ಅವರ ಸಾವು. ಕುಣಿಗಲ್ ತಾಲ್ಲೂಕಿನಲ್ಲಿ ಹುಟ್ಟಿ, ಕೋಲಾರದಲ್ಲಿ ಜಿಲ್ಲಾಧಿಕಾರಿಯಾಗಿ ಜನರ ಮೆಚ್ಚುಗೆ ಗಳಿಸಿದ್ದವರು. 2015ರ ಮಾರ್ಚ್ 16ರಂದು ಬೆಂಗಳೂರಿನ ಮನೆಯಲ್ಲಿ ತೀರಿಕೊಂಡಾಗ ಕೋಲಾರದ ಬೀದಿಗಳಲ್ಲಿ ಕಂಡ ದುಃಖ ನಿಜವಾದದ್ದು, ಸಿಟ್ಟೂ ನಿಜವಾದದ್ದು. ಮರಳು ದಂಧೆಯವರ ಎದುರು ನಿಂತ ಅಧಿಕಾರಿ ಹೀಗೆ ಹೋದರೆ ಜನ ಅನುಮಾನ ಪಡುವುದು ಸಹಜ. ತನಿಖೆ ಕೇಳುವುದು ಮಾಧ್ಯಮದ ಕೆಲಸವೇ. ಕೊನೆಗೆ ಸರ್ಕಾರ ಪ್ರಕರಣವನ್ನು ಸಿಬಿಐಗೆ ಕೊಟ್ಟಿತು, ಅದೂ ಸರಿ. ಆದರೆ ನಡುವಿನ ದಿನಗಳಲ್ಲಿ ಪರದೆಯ ಮೇಲೆ ನಡೆದದ್ದೇನು? ಮೊದಲು ಕೊಲೆ ಎಂಬ ತೀರ್ಪು. ಆಮೇಲೆ ದಿಕ್ಕು ತಿರುಗಿ, ಒಬ್ಬ ಮಹಿಳಾ ಅಧಿಕಾರಿಯ ಹೆಸರು, ಮೆಸೇಜುಗಳ ಲೆಕ್ಕ, ಊಹೆಯ ಮೇಲೆ ಊಹೆ. ಆಕೆಯ ಪತಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಮೊದಲು ತನಿಖೆ ಮಾಡುತ್ತಿದ್ದ ಸಿಐಡಿಯ ಮಧ್ಯಂತರ ವರದಿಯನ್ನು ಹೊರಗೆಡವದಂತೆ ಕೋರ್ಟ್ ಸರ್ಕಾರವನ್ನು ತಡೆಯಿತು. ಮುಂದೆ ಸಿಬಿಐ ಕೂಡ ಇದು ಆತ್ಮಹತ್ಯೆ ಎಂದೇ ಹೇಳಿತು. ಕೋಲಾರದಲ್ಲಿ ಈಗಲೂ ಅದನ್ನು ನಂಬದವರು ಇದ್ದಾರೆ. ನಂಬದಿರಲು ಅವರಿಗೆ ಹಕ್ಕಿದೆ. ಆದರೆ ಆ ಅಪನಂಬಿಕೆಯಲ್ಲಿ ಅಂದಿನ ಟಿವಿಯ ಪಾಲೆಷ್ಟು ಎನ್ನುವುದನ್ನು ಯಾವ ಚಾನೆಲ್ಲೂ ಕೂತು ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ.

ಆತ್ಮಹತ್ಯೆಯ ವರದಿಗೆ ಈಗ ನಿಯಮವಿದೆ. 2019ರಲ್ಲಿ ಪ್ರೆಸ್ ಕೌನ್ಸಿಲ್ ಮಾರ್ಗಸೂಚಿ ಹೊರಡಿಸಿತು. ವಿಧಾನ ವಿವರಿಸಬೇಡಿ, ಜಾಗ ತೋರಿಸಬೇಡಿ, ಫೋಟೊ ಹಾಕಬೇಡಿ, ರಂಜಿಸುವ ತಲೆಬರಹ ಬೇಡ. ಪ್ರೆಸ್ ಕೌನ್ಸಿಲ್‌ನ ಮಾತು ಪತ್ರಿಕೆಗಳಿಗೆ, ನಮಗಲ್ಲ ಎಂದು ಟಿವಿಯವರು ನುಣುಚಿಕೊಳ್ಳುತ್ತಿದ್ದರು. ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಪ್ರಸಾರದ ಮೇಲೆ 2021ರ ಜನವರಿಯಲ್ಲಿ ತೀರ್ಪು ಕೊಟ್ಟ ಬಾಂಬೆ ಹೈಕೋರ್ಟ್, ಟಿವಿಗೂ ಇದೇ ಮಾರ್ಗಸೂಚಿ ಎಂದಿತು. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯ ಶವಾಗಾರದ ಮುಂದೆ ನಿಂತು ಅಳುವ ಅಪ್ಪನ ಬಾಯಿಗೆ ಮೈಕು ಹಿಡಿಯುವ ಹುಡುಗನಿಗೆ ಈ ತೀರ್ಪನ್ನು ಯಾರಾದರೂ ಓದಿ ಹೇಳಿದ್ದಾರಾ? ಹೇಳಿರುವ ಸಾಧ್ಯತೆ ಕಡಿಮೆ. ಅವನಿಗೆ ತರಬೇತಿ ಕೊಡುವುದಿರಲಿ, ಐಡಿ ಕಾರ್ಡನ್ನೇ ಸರಿಯಾಗಿ ಕೊಟ್ಟಿರುವುದಿಲ್ಲ.

ಕೊಲೆಯಾದವಳು ಹೆಂಗಸಾದರೆ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ. 'ಅನೈತಿಕ ಸಂಬಂಧದ ಶಂಕೆ'. ಇದನ್ನು ಹೇಳಿದವರು ಯಾರು? ಬಹಳ ಸಲ, ಕೊಂದವನು. ಅವನು ಪೊಲೀಸರಿಗೆ ಹೇಳಿದ್ದು ಪೊಲೀಸರಿಂದ ಪ್ರೆಸ್ ನೋಟ್‌ಗೆ, ಅಲ್ಲಿಂದ ಪರದೆಯ ಕೆಳಗೆ ಓಡುವ ಟಿಕ್ಕರ್‌ಗೆ. ಅವಳ ವಾಟ್ಸ್‌ಆ್ಯಪ್ ಡಿಪಿಯೂ ಜೊತೆಗೆ. ಅವಳು ಬಂದು ಉತ್ತರ ಕೊಡಲಾರಳು. ಅವಳ ಮಕ್ಕಳು ಅದೇ ಊರಲ್ಲಿ ಬೆಳೆಯಬೇಕು. ಸತ್ತವರ ಮೇಲೆ ಮಾಡಿದ ಆರೋಪವೂ ಮನೆಯವರನ್ನು ನೋಯಿಸುವ ಉದ್ದೇಶದ್ದಾದರೆ ಮಾನಹಾನಿ ಆಗಬಹುದು ಎಂದು ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಹೇಳುತ್ತದೆ. ಆದರೆ ಟಮೊಟೊ ಬಿಡಿಸಲು ಕೂಲಿಗೆ ಹೋಗುವ ಮನೆಯವರು ಯಾವ ಕಾಲಕ್ಕೆ ಕೇಸು ಹಾಕಿಯಾರು? 2024ರ ಸೆಪ್ಟೆಂಬರ್‌ನಲ್ಲಿ, ನಟ ದರ್ಶನ್ ಆರೋಪಿಯಾಗಿರುವ ರೇಣುಕಸ್ವಾಮಿ ಕೊಲೆ ಪ್ರಕರಣದಲ್ಲಿ ದೋಷಾರೋಪ ಪಟ್ಟಿಯ ಗೋಪ್ಯ ವಿವರ ಪ್ರಸಾರ ಮಾಡದಂತೆ ನಮ್ಮ ಹೈಕೋರ್ಟ್ ಚಾನೆಲ್‌ಗಳಿಗೆ ತಡೆ ಕೊಟ್ಟಿತು. ಆ ಆದೇಶ ಸರಿಯಾದದ್ದೇ. ಅಂಥ ಆದೇಶ ತರುವ ಶಕ್ತಿ ಶ್ರೀನಿವಾಸಪುರದ ಒಬ್ಬ ಆಟೋ ಡ್ರೈವರ್‌ಗೆ ಇಲ್ಲ, ಅಷ್ಟೇ.

ಸಾಕ್ಷಿಗಳ ವಿಷಯಕ್ಕೆ ಬಂದರೆ ಈ ಭಾಗದವರು ಮರೆಯಬಾರದ ಹೆಸರು ಕಂಬಾಲಪಲ್ಲಿ. ಆಗ ಕೋಲಾರ ಜಿಲ್ಲೆಯಲ್ಲಿದ್ದ, 2007ರಿಂದ ಚಿಕ್ಕಬಳ್ಳಾಪುರಕ್ಕೆ ಸೇರಿದ ಚಿಂತಾಮಣಿ ತಾಲ್ಲೂಕಿನ ಹಳ್ಳಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ದೇಶವೇ ಬೆಚ್ಚಿಬಿತ್ತು. 2006ರ ಡಿಸೆಂಬರ್‌ನಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಕನ್ನಡದಲ್ಲಿ ಆಗ 24 ಗಂಟೆಯ ಚಾನೆಲ್‌ಗಳ ಸಾಲು ಇರಲಿಲ್ಲ, ಹಾಗಾಗಿ ಆ ಸೋಲಿನ ಹೊಣೆಯನ್ನು ಟಿವಿಯ ಮೇಲೆ ಹೊರಿಸುವಂತಿಲ್ಲ. ಹೆದರಿಕೆಗೆ ಟಿವಿ ಬೇಕಾಗಿಯೂ ಇಲ್ಲ. ಆದರೆ ಈಗ ಹಳ್ಳಿಯಲ್ಲಿ ಗಲಾಟೆಯಾದ ಎರಡನೇ ಗಂಟೆಗೆ ಕ್ಯಾಮೆರಾ ಮುಂದೆ 'ಪ್ರತ್ಯಕ್ಷದರ್ಶಿ'ಯ ಹೇಳಿಕೆ, ಅಂದರೆ ಬೈಟ್, ತೆಗೆದುಕೊಳ್ಳುತ್ತಾರೆ. ಹೆಸರು, ಮುಖ, ಹಿಂದೆ ಮನೆ. ಯಾರು ಏನು ನೋಡಿದರು, ಕೋರ್ಟಿನಲ್ಲಿ ಯಾರು ಏನು ಹೇಳಬಹುದು ಎಂಬ ಪಟ್ಟಿ ಎದುರಾಳಿಗಳ ಕೈಗೆ ಅಂದೇ ಸಿಕ್ಕಿಬಿಡುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಸೆಕ್ಷನ್ ಪ್ರಕಾರ ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಲೇಬೇಕು. ಮೊದಲ ದಿನವೇ ಮುಖ ಟಿವಿಯಲ್ಲಿ ಬಂದವನಿಗೆ ಆ ಯೋಜನೆ ಕೊಡುವುದಾದರೂ ಏನನ್ನು?

ಇಷ್ಟೆಲ್ಲ ಹೇಳಿದ ಮೇಲೆ ಕ್ಯಾಮೆರಾ ಬೇಡ ಎನ್ನುತ್ತಿದ್ದೇನೆ ಎಂದುಕೊಳ್ಳಬೇಡಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದೆ ಮೂರು ದಿನ ಅಲೆಸಿ, ಲೋಗೋ ಕಂಡ ತಕ್ಷಣ ಎಫ್‌ಐಆರ್ ಹಾಕುವುದು ಇಲ್ಲಿನವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ದೇವಸ್ಥಾನದ ಬಾಗಿಲಲ್ಲಿ ದಲಿತರನ್ನು ತಡೆದ ಸುದ್ದಿಯನ್ನು ಸ್ಟ್ರಿಂಗರ್ ಕಳಿಸದಿದ್ದರೆ ತಹಶೀಲ್ದಾರರು ಆ ಕಡೆ ತಲೆ ಹಾಕುವುದಿಲ್ಲ. ಬಡವರಿಗೆ ವಕೀಲರಿಗಿಂತ ಬೇಗ ಸಿಗುವವನು ವರದಿಗಾರ. ಅದಕ್ಕೇ ಅವನು ಅವರನ್ನೇ ಬೀದಿಗೆ ತರುವಂತಾಗಬಾರದು ಎನ್ನುವುದು.

ದೂರು ಕೊಡುವ ದಾರಿಗಳು ಕಾಗದದ ಮೇಲೆ ಚೆನ್ನಾಗಿವೆ. 2021ರಲ್ಲಿ ತಿದ್ದಿದ ಕೇಬಲ್ ಟಿವಿ ನಿಯಮದ ಪ್ರಕಾರ ಮೊದಲು ಚಾನೆಲ್‌ಗೇ ಬರೆಯಬೇಕು, ಅವರು 15 ದಿನದಲ್ಲಿ ತೀರ್ಮಾನ ಹೇಳಬೇಕು. ಆಮೇಲೆ ಚಾನೆಲ್‌ಗಳ ಸ್ವನಿಯಂತ್ರಣ ಸಂಸ್ಥೆ, ಕೊನೆಗೆ ಕೇಂದ್ರ ಸರ್ಕಾರ. 2023ರಲ್ಲಿ ಸ್ವನಿಯಂತ್ರಣ ಸಂಸ್ಥೆ ಹಾಕಬಹುದಾಗಿದ್ದ ದಂಡ ಹೆಚ್ಚೆಂದರೆ 1 ಲಕ್ಷ ರೂಪಾಯಿ. ಇದು ಯಾವ ಮೂಲೆಗೆ ಸಾಕು ಎಂಬರ್ಥದಲ್ಲಿ ಆ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಪ್ರಶ್ನಿಸಿತು. ಆ ಸಂಸ್ಥೆಯ ಅಧಿಕಾರವೂ ಸದಸ್ಯ ಚಾನೆಲ್‌ಗಳ ಮೇಲೆ ಮಾತ್ರ. ಕೇಬಲ್ ಚಾನೆಲ್, ಯೂಟ್ಯೂಬ್ ಲೋಗೋಗಳಿಗೆ ಅದರ ಬಿಸಿ ತಟ್ಟುವುದೇ ಇಲ್ಲ.

ಹತ್ತಿರದ್ದೊಂದು ದಾರಿ ಇದೆ. ಕೇಬಲ್ ಟಿವಿ ಮೇಲೆ ಕಣ್ಣಿಡಲು ಜಿಲ್ಲೆಗೊಂದು ಸಮಿತಿ ಇರಬೇಕು ಎಂದು ಕೇಂದ್ರ ಪ್ರಸಾರ ಇಲಾಖೆ ಹಿಂದೆಯೇ ಆದೇಶ ಮಾಡಿದೆ. ಜಿಲ್ಲಾಧಿಕಾರಿ ಅಧ್ಯಕ್ಷರು. ಎಸ್‌ಪಿ, ವಾರ್ತಾಧಿಕಾರಿ, ಒಂದು ಮಹಿಳಾ ಕಾಲೇಜಿನ ಪ್ರಿನ್ಸಿಪಾಲರು, ಮಕ್ಕಳ ಮತ್ತು ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯವರು ಸದಸ್ಯರು. ಸುದ್ದಿ ಕೊಡುವ ಇಲಾಖೆಯ ಮುಖ್ಯಸ್ಥರೇ ಸುದ್ದಿಯ ಮೇಲೆ ಕಣ್ಣಿಡುವ ಸಮಿತಿಯಲ್ಲೂ ಇರುತ್ತಾರೆ ಎಂಬ ತಮಾಷೆ ಬದಿಗಿರಲಿ. ಪ್ರಿನ್ಸಿಪಾಲರೂ ಮಕ್ಕಳ ಸಂಸ್ಥೆಯವರೂ ಇರುವ ಜಾಗ ಅದು. ಊರ ಬೋರ್ಡು ತೋರಿಸಬೇಡಿ ಎಂದು ಹತ್ತಿರದಿಂದ, ಹೆಸರು ಹಿಡಿದು ಹೇಳಬಲ್ಲವರು ಅವರೇ. ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ ಎಂದು ಒಂದು ಆರ್‌ಟಿಐ ಅರ್ಜಿ ಹಾಕಿ ಕೇಳಬಹುದು. ಹತ್ತು ರೂಪಾಯಿ ಖರ್ಚು.

ಇನ್ನು ಬಿಡುಗಡೆಯ ಸುದ್ದಿ. ಬಂಧನಕ್ಕೆ ಬ್ರೇಕಿಂಗ್, ಖುಲಾಸೆಗೆ ಏನೂ ಇಲ್ಲ. ಮೂರು ವರ್ಷದ ಮೇಲೆ ಕೋಲಾರದ ಕೋರ್ಟಿನಲ್ಲಿ ಒಬ್ಬ ನಿರ್ದೋಷಿ ಎಂದು ಹೊರಗೆ ಬಂದಾಗ ಗೇಟಿನಲ್ಲಿ ಯಾವ ಮೈಕೂ ಇರುವುದಿಲ್ಲ. ಅವನ ಹೆಸರು ಹುಡುಕಿದರೆ ಯೂಟ್ಯೂಬ್‌ನಲ್ಲಿ ಮುಸುಕಿನ ಹಳೆಯ ವಿಡಿಯೊ ಹಾಗೇ ಇರುತ್ತದೆ. ಮಗಳಿಗೆ ಗಂಡು ನೋಡಲು ಬಂದವರೂ ಅದನ್ನೇ ನೋಡುತ್ತಾರೆ. ಮುಸುಕು ಹಾಕಿದ್ದರೇನು, ಕೆಳಗೆ ಹೆಸರು, ವಯಸ್ಸು, ಊರು ಬರೆದಿರುತ್ತದಲ್ಲ. ಅದನ್ನು ತೆಗೆಯಿರಿ ಎಂದು ಕೇಳಲು ಹೋದರೆ ಸ್ಟ್ರಿಂಗರ್ ಬೇರೆ ಚಾನೆಲ್‌ಗೆ ಹೋಗಿರುತ್ತಾನೆ, ಚಾನೆಲ್‌ನ ಮಾಲೀಕರು ಬದಲಾಗಿರುತ್ತಾರೆ, ಡೆಸ್ಕ್‌ನವರು 'ಸುದ್ದಿ ಆಗ ನಿಜವೇ ಆಗಿತ್ತಲ್ಲ' ಎನ್ನುತ್ತಾರೆ.

ಇದನ್ನು ಸರಿಪಡಿಸಲು ಹೊಸ ಕಾನೂನು ಬೇಕಿಲ್ಲ. ಎಫ್‌ಐಆರ್ ನಂಬರ್ ಗೊತ್ತಿದ್ದರೆ ಕೇಸು ಯಾವ ಹಂತದಲ್ಲಿದೆ ಎಂದು ಇ-ಕೋರ್ಟ್ಸ್ ತಾಣದಲ್ಲಿ ಫೋನಿನಲ್ಲೇ ನೋಡಬಹುದು, ದುಡ್ಡು ಕೊಡಬೇಕಾಗಿಲ್ಲ. ಬಂಧನದ ಸುದ್ದಿ ಮಾಡಿದ ದಿನವೇ ಆ ನಂಬರ್ ಬರೆದಿಟ್ಟುಕೊಂಡು, ತಿಂಗಳಿಗೊಮ್ಮೆ ನೋಡಿ, ಮುಗಿದ ಕೇಸುಗಳ ಫಲಿತಾಂಶವನ್ನು ವಾರಕ್ಕೆ ಎರಡು ನಿಮಿಷ ಓದಿದರೆ ಸಾಕು. ಹಳೆಯ ವಿಡಿಯೊದ ಕೆಳಗೆ 'ಇವರು ಖುಲಾಸೆಯಾಗಿದ್ದಾರೆ' ಎಂದು ಒಂದು ಸಾಲು ಸೇರಿಸಲು ಅಷ್ಟು ಹೊತ್ತೂ ಬೇಡ. ಜಿಲ್ಲೆಯ ಯಾವುದಾದರೂ ಒಂದು ಕೇಬಲ್ ಚಾನೆಲ್ ಇದನ್ನು ಶುರು ಮಾಡಿದರೆ, ಉಳಿದವರನ್ನು ನೋಡುಗರೇ ಕೇಳುತ್ತಾರೆ.